ತಲೆಮಾರಿಗೊಬ್ಬಳ ಅಕ್ಕ

ಅಕ್ಕ ತಲೆ ಎತ್ತದೆಯೇ ಹಾಕಿ ಸ್ಟಿಕ್ಕಿನಿಂದ ಚೆಂಡನ್ನು ಎಡಕ್ಕೆ ತಳ್ಳಿದಳು. ಚೆಂಡು ಹುಲ್ಲು ಸೀಳಿಕೊಂಡು ಓಡಿತು, ಯಾರೂ ಇಲ್ಲದ ಜಾಗ ದಾಟಿತು, ಸುಣ್ಣದ ಗೆರೆಯನ್ನೂ ದಾಟಿ ಬೆಂಚಿನ ಕೆಳಗೆ ಯಾರೋ ಬಿಚ್ಚಿಟ್ಟಿದ್ದ ಚಪ್ಪಲಿಗೆ ಬಡಿದು ನಿಂತಿತು.

"ಯಾರಿಗೆ ಕೊಟ್ಟೆ ತಾಯೀ? ದೆವ್ವಕ್ಕಾ?" ಗೋಲಿನಿಂದ 'ಬಾಗಿಲು' ಕೂಗಿದಳು. ಗೋಲ್‌ಕೀಪರಿಗೆ ಆ ಹೆಸರು ಬಿದ್ದದ್ದು ಹರೆಯದಲ್ಲಿ, ಅವಳನ್ನು ದಾಟಿ ಚೆಂಡು ಒಳಗೆ ಹೋಗುತ್ತಿರಲಿಲ್ಲವೆಂದು. ಈಗ ಮೈ ತುಂಬಿಕೊಂಡು ಅವಳಿಗೆ ಚೌಕಟ್ಟೇ ಸಾಲದಂತಾಗಿತ್ತು.

ಬೆಂಚುಗಳಲ್ಲಿ ನಗು ಎದ್ದಿತು. ಎಡಗಡೆ ಮಂಡಿ ಹಿಡಿದು ನಿಂತಿದ್ದ ತಂಗಿ ಕೈ ಎತ್ತಿದಳು.

"ದೆವ್ವಕ್ಕಲ್ಲ ಕಣೇ, ನಂಗೇ ಕೊಟ್ಟಿದ್ದು. ನಾನೇ ಹೋಗ್ಲಿಲ್ಲ."

ನಾಳೆಯಿಂದ ಮೈದಾನದ ಹುಲ್ಲು ಕಿತ್ತು ಟರ್ಫ್ ಹಾಸುತ್ತಾರೆ. ಅದಕ್ಕೆ ಮುಂಚೆ ಹಳೇ ತಂಡಕ್ಕೂ ಈಗಿನ ಹುಡುಗಿಯರಿಗೂ ಒಂದು ಕೊನೆಯ ಪಂದ್ಯ. ಕ್ಲಬ್ಬಿನ ಕಾರ್ಯದರ್ಶಿ ಬೆಳಿಗ್ಗೆಯಿಂದ ಮೈಕಿನಲ್ಲಿ ಒಂದೇ ಸಮನೆ ತಂಗಿಯನ್ನು ಹೊಗಳುತ್ತಿದ್ದ. "ನಮ್ಮ ಮಿಂಚುಳ್ಳಿ! ತಲೆಮಾರಿಗೊಬ್ಬಳು!" ಎಂದು ಅವನು ಕೂಗಿದಾಗಲೆಲ್ಲ ಪಕ್ಕದಲ್ಲಿದ್ದವರು ಅಕ್ಕನನ್ನೇ ಕೇಳುತ್ತಿದ್ದರು: "ಅವಳಲ್ಲಿ ಅಂಥದ್ದೇನಿತ್ತು? ನಿಮಗೇ ಗೊತ್ತಿರಬೇಕಲ್ಲ."

ಅಕ್ಕನಿಗೆ ಗೊತ್ತಿರಲಿಲ್ಲ. ಓಟವೇ? ಆ ಕಾಲದ ತಂಡದಲ್ಲೇ ಅವಳಿಗಿಂತ ಜೋರಾಗಿ ಓಡುವವರು ಇದ್ದರು. ಹೊಡೆತವೇ? ಹಿತ್ತಿಲಲ್ಲಿ ಕಂಬಳಿಯ ಧೂಳು ಕೊಡವುವಾಗ ಅಮ್ಮ ಕೊಡುತ್ತಿದ್ದ ಏಟಿನ ಮುಂದೆ ಅದೇನೂ ಅಲ್ಲ. ಆದರೂ ಚೆಂಡು ಎಲ್ಲಿಗೆ ಹೋದರೂ ಅವಳು ಮೊದಲೇ ಬಂದು ಕಾಯುತ್ತಿದ್ದಳು, ಬಸ್ಸಿಗೆ ಕಾಯುವವರ ಹಾಗೆ, ಸ್ವಲ್ಪ ಬೇಸರದಿಂದ.

ಮನೆಯ ಹಿಂದಿನ ಓಣಿಯಲ್ಲೂ ಹಾಗೇ. ಒಂದು ಕಡೆ ಗೋಡೆ, ಒಂದು ಕಡೆ ಅಡಿಗೆಮನೆಗಳ ಕಿಟಕಿ, ತುದಿಯಲ್ಲಿ ಚರಂಡಿ. ಅಪ್ಪ ಮುರಿದ ಸ್ಟಿಕ್ಕಿಗೆ ಸೈಕಲ್ ಟ್ಯೂಬ್ ಸುತ್ತಿ ಕೊಟ್ಟಿದ್ದ. ಹೊಡೆಯುವವಳು ಅಕ್ಕ, ಹಿಡಿಯುವವಳು ತಂಗಿ. ಚೆಂಡು ಚರಂಡಿಗೆ ಬಿದ್ದರೆ ತಂಗಿಯೇ ಕೈ ಹಾಕಿ ತೆಗೆಯಬೇಕು. ಸಂಜೆಯ ಒಗ್ಗರಣೆಯ ಘಾಟು, ಸೀನುತ್ತ ಓಡುವ ಪುಟ್ಟ ಕಾಲುಗಳು, "ಕಿಟಕಿ ಒಡೆದ್ರೆ ಇಬ್ಬರಿಗೂ ಊಟ ಇಲ್ಲ" ಎಂದು ಅಮ್ಮನ ಕೂಗು. ಅವಳು ಒಂದನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಅಕ್ಕ ತನ್ನ ಕೈ ಚೆನ್ನಾಗಿದೆ ಅಂದುಕೊಂಡೇ ಬೆಳೆದಳು.

ಆಮೇಲೆ ದೊಡ್ಡ ತಂಡಕ್ಕೆ ಆಯ್ಕೆ ಮಾಡುವವರು ಬಂದರು. ನಿನ್ನೊಬ್ಬಳನ್ನೇ ಕರೆದುಕೊಂಡು ಹೋಗ್ತೀವಿ, ನಿನ್ನ ಪಕ್ಕ ಆಡೋಕೆ ಅಕ್ಕನಿಗಿಂತ ಒಳ್ಳೆಯವಳನ್ನು ಕೊಡ್ತೀವಿ ಅಂತ ತಂಗಿಗೆ ಅಂದರು. ಶೂಗೆ ಲೇಸ್ ಕಟ್ಟುತ್ತಿದ್ದ ತಂಗಿ ತಲೆ ಎತ್ತದೆ "ಸರಿ" ಅಂದಳು. ಮುಂದಿನ ವರ್ಷ ಅಕ್ಕ ಕೊಟ್ಟ ಪಾಸುಗಳೆಲ್ಲ ಗೆರೆಯಾಚೆ ಹೋಗತೊಡಗಿದವು. ತಂಡದಲ್ಲಿ ಜಾಗ ಹೋಯಿತು. ಕನ್ನಡಕದಂಗಡಿ ಸೇರಿದಳು. ಗಿರಾಕಿಗಳ ಕಣ್ಣಿಗೆ ಗಾಜು ಬದಲಾಯಿಸುತ್ತ "ಈಗ ಕಾಣುತ್ತಾ? ಈಗ?" ಎಂದು ಕೇಳುವಾಗ ಒಳಗೊಳಗೇ ಒಂದು ಪ್ರಶ್ನೆ ಕೊರೆಯುತ್ತಿತ್ತು: ನಾನು ನಿಜವಾಗಿ ಆಡುತ್ತಿದ್ದೆನಾ, ಇಲ್ಲಾ ಅವಳು ಆಡಿಸುತ್ತಿದ್ದಳಾ?

ವಿರಾಮದ ಸೀಟಿ ಊದಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವೇ ತಗಡಿನ ಕಪಾಟುಗಳು, ನೋವಿನ ಎಣ್ಣೆಯ ಅದೇ ವಾಸನೆ, ತಂಗಿ ಟವೆಲ್ ನೇತುಹಾಕುತ್ತಿದ್ದ ಅದೇ ಸೊಟ್ಟ ಮೊಳೆ. ಅಕ್ಕ ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಜ ಹೇಳು. ನನ್ನ ಪಾಸು ಹೇಗಿತ್ತು?"

"ದರಿದ್ರವಾಗಿತ್ತು," ಅಂದಳು ತಂಗಿ.

ಮೂಲೆಯಲ್ಲಿ ನೀರು ಕುಡಿಯುತ್ತಿದ್ದ ಬಾಗಿಲಿಗೆ ನೆತ್ತಿಗೇರಿತು. ಅಕ್ಕನ ಮುಖ ಸಣ್ಣದಾಯಿತು.

"ಪೂರ್ತಿ ಕೇಳಕ್ಕಾ. ಒಂದೇ ಒಂದಾದ್ರೂ ನೆಟ್ಟಗೆ ಕಾಲ ಹತ್ರ ಬಂದಿತ್ತಾ? ಬಂದಿದ್ರೆ ನಾನ್ಯಾಕೆ ಓಡ್ತಿದ್ದೆ? ಚರಂಡಿಗೆ ಕೈ ಹಾಕೋದಂದ್ರೆ ನಂಗೆ ಜೀವ ಹೋಗ್ತಿತ್ತು. ನೀನು ಹೊಡಿಯೋಕ್ಮುಂಚೆನೇ ನಿನ್ನ ಭುಜ ನೋಡಿ, ಇವತ್ತು ಇವಳು ಎಲ್ಲಿ ಹಾಳು ಮಾಡ್ತಾಳೆ ಅಂತ ಅಲ್ಲಿಗೆ ಹೋಗಿ ನಿಲ್ತಿದ್ದೆ. ಆಮೇಲೆ ಎಲ್ಲರ ಭುಜನೂ ಓದೋಕೆ ಬಂತು. ನಿನ್ನಷ್ಟು ಕಷ್ಟ ಯಾರೂ ಕೊಡ್ಲಿಲ್ಲ."

"ದೊಡ್ಡ ತಂಡದಲ್ಲಿ ಸರಿಯಾಗಿ ಕೊಡ್ತಿದ್ರಲ್ಲ?"

"ಕೊಡ್ತಿದ್ರು. ನಿದ್ದೆ ಬರ್ತಿತ್ತು."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒದ್ದೆ ಟವೆಲನ್ನು ಅವಳ ಮುಖಕ್ಕೆ ಎಸೆದಳು. ಎಸೆಯುವ ಮೊದಲೇ ತಂಗಿಯ ಕೈ ಅಲ್ಲಿತ್ತು.

ಅಷ್ಟರಲ್ಲಿ ಕಾರ್ಯದರ್ಶಿ ಒಳಗೆ ಇಣುಕಿದ. ಹಿಂದೆ ಈಗಿನ ತಂಡದ ನಾಯಕಿ.

"ಮೇಡಂ, ಜನ ನಿಮ್ಮ ಒಂದು ಗೋಲು ನೋಡಬೇಕು ಅಂತ ಬಂದಿದ್ದಾರೆ. ಇನ್ನರ್ಧಕ್ಕೆ ಇವಳು ನಿಮ್ಮ ಪಕ್ಕ ಆಡ್ಲಿ. ಚೆಂಡು ತಂದು ನಿಮ್ಮ ಸ್ಟಿಕ್ಕಿಗೇ ಅಂಟಿಸ್ತಾಳೆ, ನೀವು ಹೆಜ್ಜೆ ಎತ್ತಿಡೋದೂ ಬೇಡ. ಅಕ್ಕನವರು ಪಾಪ ಸುಸ್ತಾಗಿದ್ದಾರೆ, ಕೂತ್ಕೊಳ್ಳಲಿ."

ಅಕ್ಕ ಬಗ್ಗಿ ಕಾಲಿನ ಪ್ಯಾಡ್ ಬಿಚ್ಚತೊಡಗಿದಳು. ಎದುರಿಗೆ ತಂಗಿ ಲೇಸ್ ಕಟ್ಟುತ್ತಿದ್ದಳು, ಅಂದಿನ ಹಾಗೆಯೇ, ಎರಡು ಸುತ್ತು ಸುತ್ತಿ. ಅಕ್ಕ ಆ ಬೆರಳುಗಳನ್ನೇ ನೋಡುತ್ತ ಕುಳಿತಳು.

ಗಂಟು ಬಿಗಿಯಿತು. ತಂಗಿ ತಲೆ ಎತ್ತಿ ಕಾರ್ಯದರ್ಶಿಯ ಕಡೆ ನೋಡಿದಳು.

"ಬೇಡ," ಅಂದಳು.