ಸ್ಟೋರ್‌ಕೀಪರನ ಕಾವು

ಗಂಡ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಯಾರು ಏನು ಕೇಳಿದರೂ ‘ಸ್ಟಾಕ್ ಇಲ್ಲ’ ಎನ್ನುವುದೇ ಕೆಲಸವೆಂದು ತಿಳಿದ ಆಸಾಮಿ. ಗೋದಾಮಿನಿಂದ ಒಂದು ಬಲ್ಬು ಹೊರಗೆ ಹೋದರೂ ಕರುಳು ಕಿತ್ತು ಬಂದವನಂತೆ ಒದ್ದಾಡುತ್ತಿದ್ದ. ಅಂಥವನು ಮನೆಗೆ ಇನ್ವರ್ಟರ್ ತಂದರೆ ಕೇಳಬೇಕೆ! ಮೆಟ್ಟಿಲ ಕೆಳಗಿನ ಕಪಾಟಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಕರೆಂಟ್ ಹೋದಾಗ ಆನ್ ಮಾಡುವುದು, ಬಂದ ಕೂಡಲೇ ಪ್ಲಗ್ಗನ್ನೇ ಕಿತ್ತು ಬೀಗ ಹಾಕುವುದು.

“ಕರೆಂಟ್ ಇರುವಾಗ ಅದಕ್ಕೇನು ಕೆಲಸ? ಬಿಸಿಲಲ್ಲಿ ಯಾರಾದ್ರೂ ಟಾರ್ಚ್ ಹಚ್ಕೊಂಡು ಓಡಾಡ್ತಾರಾ?”

“ರೀ, ಪ್ಲಗ್ ಕಿತ್ರೆ ಚಾರ್ಜ್ ಹೇಗಾಗುತ್ತೆ? ಮೊಬೈಲಿಗೂ ಚಾರ್ಜರ್ ಬೇಡ್ವಾ?” ಎಂದಳು ಹೆಂಡತಿ.

“ಇಡೀ ಸ್ಟೋರ್ ನೋಡ್ಕೊಳ್ಳೋನಿಗೆ ನೀನು ಪಾಠ ಹೇಳ್ಬೇಡ. ಉಳಿಸಿದ್ದು ಉಳಿಯುತ್ತೆ, ಅಷ್ಟೇ!”

ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಅವಳಿಗೂ ಸಾಕಾಗಿತ್ತು.

ಆದರೆ ಈ ಸಲ ಸುಮ್ಮನಿರುವಂತಿರಲಿಲ್ಲ. ತೀರಿಹೋದ ಅಮ್ಮ ಸಾಕಿದ ಕೋಳಿಯನ್ನು ಅವಳು ತವರಿನಿಂದ ತಂದಿದ್ದಳು. ಕಾವಿಗೆ ಕೂತಿದ್ದಾಗಲೇ ಅದನ್ನು ಬೀದಿನಾಯಿ ಹೊತ್ತೊಯ್ದಿತು. ಉಳಿದದ್ದು ಮೊಟ್ಟೆಗಳು ಮಾತ್ರ. ಅವು ತಣ್ಣಗಾದರೆ ಆ ಕೋಳಿಯ ಸಂತಾನ ಅಲ್ಲಿಗೆ ಮುಗಿಯಿತು. ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಬಲ್ಬು ಕಟ್ಟಿ, ನೀರಿನ ಬಟ್ಟಲಿಟ್ಟು, ಮೊಟ್ಟೆಗಳನ್ನು ಹೊತ್ತುಹೊತ್ತಿಗೆ ತಿರುಗಿಸುತ್ತ ಅವಳು ಬಾಣಂತನವನ್ನೇ ಮಾಡುತ್ತಿದ್ದಳು. ಇನ್ನೇನು ಮರಿ ಹೊರಬರುವ ಸಮಯ.

ಚಳಿ ಕೊರೆಯುತ್ತಿದ್ದ ಒಂದು ರಜೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಕರೆಂಟ್ ಹೋಯಿತು.

“ಭಯಪಡ್ಬೇಡ, ನಾನಿಲ್ವಾ!” ಎಂದು ಗಂಡ ಬೀಗ ತೆಗೆದು ಸ್ವಿಚ್ ಒತ್ತಿದ. ಇನ್ವರ್ಟರ್ ಒಮ್ಮೆ ಕುಂಯ್ ಎಂದು ಸತ್ತಿತು. ಮತ್ತೆ ಒತ್ತಿದ. ತಲೆಗೆ ಎರಡು ತಟ್ಟಿದ. ಅದು ಉಸಿರೆತ್ತಲಿಲ್ಲ. ಅಭ್ಯಾಸಬಲದಿಂದ ಕಪಾಟಿಗೆ ಮತ್ತೆ ಬೀಗ ಜಡಿದ.

“ಕಂಪನಿಯೋರು ಮೋಸ ಮಾಡಿದಾರೆ ಕಣೇ!”

ಅವಳಿಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಸಂಸಾರ ಮಾಡಿದ್ದು ಈ ಬುದ್ಧಿಗೇಡಿಯ ಜೊತೆಗಾ ಎನಿಸಿತು. ಬೈಯಲು ಬಾಯಿ ತೆರೆದಳು; ಪೆಟ್ಟಿಗೆಯ ಬಲ್ಬು ಆರಿದ್ದು ನೆನಪಾಗಿ ಮುಚ್ಚಿದಳು.

“ಅಂಗಿ ಬಿಚ್ಚಿ, ಕುರ್ಚೀಲಿ ಕೂತ್ಕೊಳ್ಳಿ.”

“ಈ ಚಳೀಲಾ? ಯಾಕೆ?”

“ಈ ಮನೇಲಿ ಬೆಚ್ಚಗಿರೋದು ನಿಮ್ಮ ಹೊಟ್ಟೆ ಒಂದೇ. ಅದಾದ್ರೂ ಕೆಲಸಕ್ಕೆ ಬರ್ಲಿ.”

ಟವೆಲಿನಲ್ಲಿ ಮೊಟ್ಟೆಗಳನ್ನು ಸುತ್ತಿ ಅವನ ಡೊಳ್ಳುಹೊಟ್ಟೆಗೆ ಒತ್ತಿ ಕಟ್ಟಿ, ಮೇಲೆ ಎರಡು ರಜಾಯಿ ಹೊದಿಸಿದಳು. “ಅಲ್ಲಾಡಿದ್ರೆ ಒಡೀತಾವೆ. ಇಣುಕಿದ್ರೆ ತಣ್ಣಗಾಗ್ತಾವೆ. ತೆಪ್ಪಗಿರಿ.”

ತಪ್ಪು ಮಾಡಿದವನ ಹೆದರಿಕೆಯಿಂದ ಅವನು ಕಲ್ಲಿನಂತೆ ಕೂತ. ಮೊದಲು ಬೆವರಿದ, ಆಮೇಲೆ ತೂಕಡಿಸಿದ, ಕೊನೆಗೆ ಬಾಯಿ ತೆರೆದು ಗೊರಕೆ ಹೊಡೆದ. ಅವಳು ಆಗಾಗ ರಜಾಯಿಯೊಳಗೆ ಕೈ ಹಾಕಿ ಮುಟ್ಟಿ ನೋಡುತ್ತಿದ್ದಳು. ಮೊಟ್ಟೆಗಳು ಬೆಚ್ಚಗಿದ್ದವು.

ಸಂಜೆಯಾಗುವ ಮುಂಚೆ ಹಿಂದಿನ ಕೋಣೆಯಲ್ಲಿ ಬಲ್ಬು ಹತ್ತಿತು. ಅವಳು ಅವನ ಸೊಂಟದಿಂದ ಬೀಗದ ಕೈ ಎಳೆದುಕೊಂಡು, ಕಪಾಟು ತೆರೆದು, ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿದಳು. ಆಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸಾಗಿಸಿದಳು. ಒಂದರ ಚಿಪ್ಪು ಆಗಲೇ ಬಿರುಕು ಬಿಟ್ಟಿತ್ತು. ಒಳಗಿನಿಂದ ಸಣ್ಣಗೆ ಚಿಂವ್ ಎಂದಿತು. ಅವಳ ಕಣ್ಣು ತುಂಬಿ ಬಂತು.

ಇನ್ನು ಅವನನ್ನು ಎಬ್ಬಿಸಬೇಕು. ಎಬ್ಬಿಸಿದರೆ ಏನಾಗುತ್ತದೆಂದೂ ಗೊತ್ತಿತ್ತು: ಕಂಪನಿಯ ಮೋಸ, ತನ್ನ ಜಾಣತನ, ಹೆಂಗಸರ ಅವಸರ. ಅವಳು ಅಡುಗೆಮನೆಗೆ ಹೋಗಿ ಬುಟ್ಟಿಯಿಂದ ಆಲೂಗಡ್ಡೆಗಳನ್ನು ಆರಿಸಿ ತಂದಳು. ಬಿಸಿನೀರಲ್ಲಿ ಅದ್ದಿ, ಒರೆಸಿ, ಟವೆಲಿನಲ್ಲಿ ಸುತ್ತಿ, ಅವನ ಹೊಟ್ಟೆಗೇ ಕಟ್ಟಿದಳು.

ಕತ್ತಲಾದ ಮೇಲೆ, ಅವಳು ದೀಪ ಹಾಕದೆ ಬಿಟ್ಟಿದ್ದ ನಡುಮನೆಯಿಂದ ಪಿಸುದನಿ ಕೇಳಿತು. “ಏ, ಇಲ್ಲಿ ಬಾರೇ! ಒಳಗೆ ಏನೋ ಮಿಸುಕಾಡ್ತು! ಒಂದು ಒಡೀತಾ ಇದೆ, ನನಗೆ ಗೊತ್ತಾಗುತ್ತೆ ಕಣೇ!”

“ಹೌದಾ?” ಎಂದಳು ಅವಳು, ಅಂಗೈಯಲ್ಲಿ ಒದ್ದೆ ಮರಿಯನ್ನು ಹಿಡಿದುಕೊಂಡು. “ಹಾಗಾದ್ರೆ ಬೆಳಗಿನ ತನಕ ಅಲ್ಲಾಡ್ಬೇಡಿ.”