ಸುಳ್ಳು ಹೇಳುವ ತಕ್ಕಡಿ

ನಾನು ಒಂದು ಸ್ಪ್ರಿಂಗ್ ತಕ್ಕಡಿ. ಅಂಗಡಿಗಳಲ್ಲಿ ಕಾಣುವ ಎರಡು ತಟ್ಟೆಯ ತಕ್ಕಡಿಯಲ್ಲ. ಗೇಣುದ್ದದ ಹಿತ್ತಾಳೆಯ ಪಟ್ಟಿ, ಅದರ ನಡುವೆ ಒಂದು ಸೀಳು, ಸೀಳಿನಲ್ಲಿ ಮೇಲೆ ಕೆಳಗೆ ಸರಿಯುವ ಮುಳ್ಳು, ತಲೆಗೆ ಬಳೆ, ಕಾಲಿಗೆ ಕೊಕ್ಕೆ. ಬೆನ್ನ ಹಿಂದೆ ಅಡಗಿರುವ ಉಕ್ಕಿನ ಸುರುಳಿಯೇ ನನ್ನ ಜೀವ. ಕೊಕ್ಕೆಗೆ ಏನಾದರೂ ತೂಗಿಬಿಟ್ಟರೆ ಸುರುಳಿ ಹಿಗ್ಗುತ್ತದೆ, ಮುಳ್ಳು ಇಳಿಯುತ್ತದೆ. ಒಂದು ಕಿಲೋದವರೆಗೆ ನಾನು ತೂಗಬಲ್ಲೆ.

ಹುಟ್ಟಿದ್ದು ಅಂಬಾಲದಲ್ಲಿ, ಶಾಲೆಗಳಿಗೆ ಸಾಮಾನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ. ತಂತಿಯನ್ನು ಸುತ್ತಿ ಸುರುಳಿ ಮಾಡಿದವರ ಮುಖ ನನಗೆ ನೆನಪಿಲ್ಲ. ನನಗೆ ಗೆರೆ ಹಾಕಿದ ಹೆಂಗಸು ಮಾತ್ರ ನೆನಪಿದ್ದಾಳೆ. ಗೊತ್ತಿರುವ ತೂಕಗಳನ್ನು ಒಂದೊಂದಾಗಿ ಕೊಕ್ಕೆಗೆ ಹಾಕಿ, ಮುಳ್ಳು ನಡುಗುವುದು ನಿಲ್ಲುವವರೆಗೆ ಕಾದು, ಆಮೇಲೆ ಗೆರೆ ಗೀಚುತ್ತಿದ್ದಳು. ಅವಳಿಗೆ ಅವಸರವೇ ಇರಲಿಲ್ಲ. ನಾನು ಸತ್ಯ ಹೇಳಬೇಕೆಂದು ಇವಳಿಗೆ ಆಸೆಯಿದೆ ಎಂದುಕೊಂಡೆ.

ಅಲ್ಲಿಂದ ಒಣಹುಲ್ಲಿನಲ್ಲಿ ಸುತ್ತಿಸಿಕೊಂಡು ರೈಲಿನಲ್ಲಿ ಬಂದೆ. ಇಳಿದದ್ದು ಬಾಗಲಕೋಟೆಯ ಕಡೆಯ ಒಂದು ನೇಕಾರರ ಊರಿನಲ್ಲಿ. ಮಗ್ಗದ ಸದ್ದು ಕೇಳದ ಓಣಿ ಆ ಊರಲ್ಲಿ ಇರಲಿಲ್ಲ. ಅಲ್ಲಿನ ಪ್ರೌಢಶಾಲೆಯ ವಿಜ್ಞಾನದ ಮಾಸ್ತರು ಹೆಬ್ಬಳ್ಳಿಯವರು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ಒರೆಸಿದರು, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಹೆಬ್ಬಳ್ಳಿ ಮಾಸ್ತರು ಒಳ್ಳೆಯವರು. ಅವರ ಅಕ್ಷರ ಮುತ್ತಿನಂತಿತ್ತು. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ನನ್ನ ಚಿತ್ರ ಬರೆಯುತ್ತಿದ್ದರು. ಬಳೆ, ಕೊಕ್ಕೆ, ಮುಳ್ಳು ಎಲ್ಲಕ್ಕೂ ಬಾಣ ಹಾಕಿ ಹೆಸರು ಬರೆಯುತ್ತಿದ್ದರು. ಮಕ್ಕಳು ಅದನ್ನು ನೋಡಿ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದೇ ಚಿತ್ರ ಬರುತ್ತಿತ್ತು, ಎಲ್ಲರೂ ಪಾಸಾಗುತ್ತಿದ್ದರು. ಯಾರಾದರೂ "ಸರ, ಅದನ್ನ ಒಮ್ಮೆ ಕೈಯಾಗ ಕೊಡ್ರಿ" ಎಂದರೆ ಅವರು ನಗುತ್ತ, "ಕೆಟ್ಟರ ಮತ್ತ ಎಲ್ಲಿಂದ ತರೂದಪಾ?" ಎನ್ನುತ್ತಿದ್ದರು. ಹೀಗೆ ಅದೇ ಕೋಣೆಯಲ್ಲಿದ್ದೂ ಎಷ್ಟೋ ತಂಡಗಳ ಮಕ್ಕಳಿಗೆ ನಾನು ಬರಿಯ ಚಿತ್ರವಾಗಿ ಉಳಿದೆ.

ಅವರು ನಿವೃತ್ತರಾದ ಮೇಲೆ ರೇಣುಕಾ ಬಾರಕೇರ ಎಂಬ ಹೊಸ ಶಿಕ್ಷಕಿ ಬಂದರು. ಮಕ್ಕಳು ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ಬಂದ ವಾರದಲ್ಲೇ ಕಪಾಟಿನ ಬೀಗ ತೆಗೆದರು. ಮುಳ್ಳಿಗೆ ತುಕ್ಕು ಹಿಡಿದಿತ್ತು. ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟು, ನನ್ನನ್ನು ಹತ್ತನೆಯ ತರಗತಿಗೆ ಕೊಂಡೊಯ್ದರು.

ಮೇಜಿನ ಎರಡು ತುದಿಗೂ ಒಂದೊಂದು ರಾಟೆ ಕಟ್ಟಿದರು. ನನ್ನನ್ನು ನಡುವೆ ಅಡ್ಡ ಮಲಗಿಸಿದರು. ಬಳೆಗೆ ಕಟ್ಟಿದ ದಾರ ಎಡಗಡೆಯ ರಾಟೆಯ ಮೇಲಿಂದ, ಕೊಕ್ಕೆಗೆ ಕಟ್ಟಿದ ದಾರ ಬಲಗಡೆಯ ರಾಟೆಯ ಮೇಲಿಂದ ಕೆಳಗೆ ಇಳಿಯಿತು. ಎರಡೂ ತುದಿಗೆ ಅರ್ಧ ಅರ್ಧ ಕಿಲೋದ ತೂಕದ ಬಟ್ಟು ತೂಗಿಬಿಡುವ ಮೊದಲು ನನ್ನ ಮುಖಕ್ಕೆ ಒಂದು ಕಾಗದ ಅಂಟಿಸಿದರು.

"ಈಗ ಮುಳ್ಳು ಎಲ್ಲಿ ನಿಂತೈತಿ?" ಎಂದು ಕೇಳಿದರು. "ಸೊನ್ನಿನೋ, ಅರ್ಧ ಕಿಲೋನೋ, ಒಂದು ಕಿಲೋನೋ? ಬರೇ ಉತ್ತರ ಬ್ಯಾಡ. ಯಾಕಂತ ಹೇಳ್ರಿ."

ಮುರ್ತುಜಾ ಬಾಗವಾನ ಎದ್ದು ನಿಂತ. ತರಗತಿಗೆ ಅವನೇ ಮೊದಲಿಗ. ಪುಸ್ತಕದ ಯಾವ ಪುಟದ ಯಾವ ಸಾಲು ಕೇಳಿದರೂ ತಡವರಿಸದೆ ಹೇಳುವ ಹುಡುಗ. ಅವನ ತಂದೆಯದು ಬಸ್ ನಿಲ್ದಾಣದ ಎದುರು ಹಣ್ಣಿನ ಅಂಗಡಿ.

"ಸೊನ್ನಿ ರೀ ಅಕ್ಕೋರ. ನಮ್ಮ ಅಂಗಡ್ಯಾಗ ಎರಡೂ ತಟ್ಟಿಗೆ ಸಮ ಇಟ್ರ ಮುಳ್ಳು ನಟ್ಟನಡುವ ನಿಲ್ತೈತಿ. ಇಲ್ಲೂ ಹಂಗ ರೀ."

ಹಿಂದಿನ ಬೆಂಚಿನಿಂದ ಮತ್ತೊಬ್ಬ, "ಇಲ್ರಿ, ಒಂದು ಕಿಲೋ. ಎರಡೂ ಕಡಿಂದ ಜಗ್ಗಾಕತ್ತಾವಲ್ರಿ, ಕೂಡಬೇಕು" ಎಂದ. ಅರ್ಧ ತರಗತಿ ಅವನ ಕಡೆ, ಅರ್ಧ ಮುರ್ತುಜಾನ ಕಡೆ. ಗದ್ದಲವೋ ಗದ್ದಲ. ಅಕ್ಕೋರು ಯಾರಿಗೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಅವ ಹೇಳಿದ್ದು ತಪ್ಪಂದ್ರ ಎಲ್ಲಿ ತಪ್ಪು, ತೋರಿಸು" ಎಂದಷ್ಟೇ ಕೇಳುತ್ತಿದ್ದರು. ಕಾಗದದ ಹಿಂದೆ ನನಗೆ ಉತ್ತರ ಗೊತ್ತಿತ್ತು. ನನ್ನ ಮೈಯೇ ಉತ್ತರವಾಗಿತ್ತು. ಬಾಯಿ ಮಾತ್ರ ಇರಲಿಲ್ಲ.

ಗಂಟೆ ಹೊಡೆಯಿತು. ಅಕ್ಕೋರು ಕಾಗದ ತೆಗೆಯದೆ ನನ್ನನ್ನು ಬಿಚ್ಚಿ ಪ್ರಯೋಗಾಲಯಕ್ಕೆ ಒಯ್ದರು.

ಮರುದಿನ ಬೆಳಿಗ್ಗೆ ಮುರ್ತುಜಾನ ತಂದೆ ಮುಖ್ಯೋಪಾಧ್ಯಾಯರಾದ ತೊರಗಲ್ ಸರ್ ಅವರ ಜೊತೆ ಪ್ರಯೋಗಾಲಯಕ್ಕೇ ಬಂದರು.

"ಅಕ್ಕೋರ, ಹುಡುಗ ರಾತ್ರಿ ಸರಿ ಉಂಡಿಲ್ರಿ. ಅಂಗಡಿ ತಕ್ಕಡಿ ಮುಂದ ಕುಂತಾನ. ಉತ್ತರ ಏನೈತಿ ಅಷ್ಟು ಹೇಳಿಬಿಡ್ರಿ, ಬರಕೊಂಡು ಬಾಯಿಪಾಠ ಮಾಡತಾನ."

"ಅಣ್ಣಾರ, ಉಣ್ಣಲಾರದಷ್ಟು ವಿಚಾರ ಮಾಡಾಕತ್ತಾನ. ಇನ್ನೊಂದು ದಿನ ಬಿಡ್ರಿ" ಎಂದರು ಅಕ್ಕೋರು.

ತಂದೆ ತಲೆಯಾಡಿಸಿ ಹೋದರು. ತೊರಗಲ್ ಸರ್ ನಿಂತರು. ಅವರು ಕೆಟ್ಟವರಲ್ಲ. ಫಲಿತಾಂಶ ಕುಸಿದರೆ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆ, ಆಡಳಿತ ಮಂಡಳಿ ತಮ್ಮನ್ನು ಕೇಳುತ್ತದೆ ಎಂಬ ಚಿಂತೆ ಅವರದು.

"ಪ್ರಶ್ನೆ ಕೇಳಬ್ಯಾಡ್ರಿ ಅನ್ನೂದಿಲ್ಲ ಟೀಚರ್. ಉತ್ತರಾನೂ ಹೇಳ್ರಿ ಅಂತೀನಿ. ಪರೀಕ್ಷೆಯೊಳಗ ಎರಡು ದಿನ ಯಾರೂ ಕೊಡೂದಿಲ್ಲ."

"ಸರ, ನಾ ಹೇಳಿದ ಉತ್ತರ ಪರೀಕ್ಷಾ ತನಕ ಬರ್ತೈತ್ರಿ. ಆಮ್ಯಾಲೆ?"

ತೊರಗಲ್ ಸರ್, "ಪೂರ್ವಸಿದ್ಧತಾ ಪರೀಕ್ಷೆ ನೋಡೋಣು" ಎಂದು ಹೊರಟರು. ಆ ಮಾತಿನ ಹಿಂದಿನ ಎಚ್ಚರಿಕೆ ಅಕ್ಕೋರಿಗೆ ತಿಳಿಯಿತು. ಅವರು ಸ್ವಲ್ಪ ಹೊತ್ತು ನನ್ನ ಕೊಕ್ಕೆಯನ್ನು ಬೆರಳಿನಿಂದ ಎಳೆಯುತ್ತ, ಬಿಡುತ್ತ ಕುಳಿತಿದ್ದರು.

ಅಂದಿನ ತರಗತಿಯಲ್ಲಿ ನನ್ನನ್ನು ಮತ್ತೆ ಹಾಗೆಯೇ ರಾಟೆಗಳ ನಡುವೆ ಕಟ್ಟಿದ ಮೇಲೆ ದಾನಮ್ಮ ಎಂಬ ಹುಡುಗಿ ಕೈ ಎತ್ತಿದಳು. ಮೊದಲ ದಿನ ಅವಳು ಯಾವ ಪಕ್ಷಕ್ಕೂ ಸೇರಿರಲಿಲ್ಲ.

"ಅಕ್ಕೋರ, ನಂದು ಉತ್ತರ ಅಲ್ರಿ, ಪ್ರಶ್ನೆ. ಬಲಗಡೆ ಬಟ್ಟು ಹಂಗ ಇರ್ಲಿ. ಎಡಗಡೆ ಬಟ್ಟು ತಗದು ಆ ದಾರ ಗ್ವಾಡಿ ಮೊಳಿಗೆ ಕಟ್ಟಿದ್ರ ಏನಾಕ್ಕೈತ್ರಿ?"

"ನೀನ ಹೇಳು."

"ಅರ್ಧ ಕಿಲೋ ತೋರಸತೈತ್ರಿ. ಅದು ದಿನಾ ತೂಗಿದಂಗ." ಅವಳು ಗೋಡೆಯ ಕಡೆ ಬೆರಳು ತೋರಿಸಿದಳು. "ಹಂಗಾರ ಗ್ವಾಡಿನೂ ಅರ್ಧ ಕಿಲೋದಷ್ಟು ಜಗ್ಗಾಕತ್ತೈತಿ ಅಂತಾತಲ್ರಿ? ಇಲ್ಲಾಂದ್ರ ತಕ್ಕಡಿ ಈ ಕಡಿ ಸರದು ಬೀಳ್ತಿತ್ತು. ಗ್ವಾಡಿ ಬದ್ಲಿ ಬಟ್ಟು ಬಂದೈತಿ, ಅಷ್ಟ."

ನನ್ನನ್ನು ಮೊಳೆಗೆ ತೂಗುಹಾಕಿದಾಗಲೆಲ್ಲ ಮೇಲಿನಿಂದ ಮೊಳೆ ಎಳೆಯುವುದು ನನ್ನ ಮೈಗೆ ಗೊತ್ತಿತ್ತು. ಆ ಮೊಳೆಯನ್ನು ಲೆಕ್ಕಕ್ಕೆ ಹಿಡಿದವರಲ್ಲಿ ನಾನು ಕಂಡ ಮೊದಲನೆಯವಳು ಅವಳು. ಅಕ್ಕೋರು ದಾನಮ್ಮನನ್ನೇ ಕರೆದು ಕಾಗದ ತೆಗೆಸಿದರು. ಮುಳ್ಳು ಅರ್ಧ ಕಿಲೋದ ಮೇಲೆ ನಿಂತಿತ್ತು.

ಎಲ್ಲರೂ ಮುಂದೆ ನುಗ್ಗಿ ನೋಡಿದರು, ಮುರ್ತುಜಾ ಒಬ್ಬನನ್ನು ಬಿಟ್ಟು. ಎಲ್ಲರೆದುರು ಅವನ ಉತ್ತರ ತಪ್ಪಾದದ್ದು ಅದೇ ಮೊದಲು. ತಲೆ ತಗ್ಗಿಸಿ ಕುಳಿತಿದ್ದ. ಸಂಜೆ ಎಲ್ಲರೂ ಹೋದ ಮೇಲೆ ಬಂದು, "ಅಕ್ಕೋರ, ಶನಿವಾರ ಸಾಲಿ ಬಿಟ್ಟ ಮ್ಯಾಲೆ ಅದನ್ನ ನಾ ಒಬ್ನ ಹಿಡದು ನೋಡ್ಲಿ ರೀ?" ಎಂದು ಕೇಳಿದ. ಅಕ್ಕೋರು ಒಪ್ಪಿದರು.

ಶನಿವಾರ ಅವನು ನನ್ನನ್ನು ಕಿಟಕಿಯ ಸರಳಿಗೆ ತೂಗುಹಾಕಿದ. ಬಟ್ಟುಗಳನ್ನು ಒಂದರ ಕೆಳಗೆ ಒಂದು ಸೇರಿಸುತ್ತ, ಸುರುಳಿ ಎಷ್ಟು ಹಿಗ್ಗಿತೆಂದು ಸ್ಕೇಲಿನಿಂದ ಅಳೆಯುತ್ತ ಹೋದ. ತೂಕ ಸಮವಾಗಿ ಏರಿದರೆ ಹಿಗ್ಗುವುದೂ ಸಮವಾಗಿ ಏರುತ್ತಿತ್ತು. ಪುಸ್ತಕದಲ್ಲಿ ಅದು ಇತ್ತು, ಅವನಿಗೆ ಬಾಯಿಪಾಠವೂ ಇತ್ತು. ಆದರೆ ಆ ಮಧ್ಯಾಹ್ನ ಅವನ ಮುಖದಲ್ಲಿ ನಾನು ಹಿಂದೆ ಕಾಣದ ಒಂದು ಕಳೆ ಇತ್ತು. ಬಟ್ಟುಗಳು ಮುಗಿದವು. ಅವನು ಹೊರಗೆ ಹೋಗಿ ಒಂದು ಬಕೆಟ್ ನೀರು ತಂದು ಕೊಕ್ಕೆಗೆ ಹಾಕಿಬಿಟ್ಟ.

ಸುರುಳಿ ಕಿರ್ರೆಂದಿತು. ಮುಳ್ಳು ಸೀಳಿನ ತಳಕ್ಕೆ ಬಡಿಯಿತು. ಅಷ್ಟು ನೋವನ್ನು ನಾನು ಎಂದೂ ಉಂಡಿರಲಿಲ್ಲ. ಅವನು ಗಾಬರಿಯಾಗಿ ಬಕೆಟ್ ಇಳಿಸಿದ. ಮುಳ್ಳು ಮೇಲೆ ಬಂತು, ಆದರೆ ಸೊನ್ನೆಯವರೆಗೆ ಬರಲಿಲ್ಲ. ನಡುವೆಯೇ ನಿಂತುಬಿಟ್ಟಿತು.

ಅವನು ನನ್ನನ್ನು ಸುಮ್ಮನೆ ಕಪಾಟಿನಲ್ಲಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಕ್ಕೋರ ಬಳಿ ಒಯ್ದ.

"ಕೆಡಿಸಿಬಿಟ್ಟೆ ರೀ."

ಶಾಲೆಗೆ ಇದ್ದದ್ದು ನಾನೊಬ್ಬನೇ. ಅಕ್ಕೋರ ಮುಖ ಕಪ್ಪಿಟ್ಟಿತು. ಬೈಗುಳ ನಾಲಿಗೆಯವರೆಗೆ ಬಂದದ್ದು ನನಗೆ ಕಂಡಿತು.

"ಬಕೀಟು ಯಾಕ ಹಾಕಿದಿ?"

"ಎಲ್ಲಿ ತನಕ ಖರೇ ಹೇಳತೈತಿ ಅಂತ ನೋಡಾಕ ರೀ. ಪುಸ್ತಕದಾಗ ಸಮ ಹಿಗ್ಗತೈತಿ ಅಂತ ಐತಿ. ಎಲ್ಲಿ ತನಕ ಅಂತ ನಂಗ ಯಾರೂ ಕೇಳಿದ್ದಿಲ್ಲ."

ಅಕ್ಕೋರು ಮುಳ್ಳನ್ನು ಬೆರಳಿನಿಂದ ಸೊನ್ನೆಯತ್ತ ತಳ್ಳಿ ನೋಡಿದರು. ಆಮೇಲೆ, "ನೀ ನಿಂದಂತ ಒಂದು ಪ್ರಶ್ನೆ ಕೇಳಿದ್ದು ಇದ ಮೊದಲು" ಎಂದರು. ಹುಡುಗನಿಗೆ ಅದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ಹೋದ.

ಮುಂದಿನ ವಾರ ತೊರಗಲ್ ಸರ್ ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಅಕ್ಕೋರು ಬೇರೆ ಪಾಠ ಮಾಡಬಹುದಿತ್ತು. ಅವರು ನನ್ನನ್ನೇ ತಂದು ಮೊಳೆಗೆ ಹಾಕಿದರು.

"ಈ ತಕ್ಕಡಿ ಈಗ ಸುಳ್ಳು ಹೇಳತೈತಿ. ಇದರಿಂದ ಖರೇ ತೂಕ ತಗಿಯಾಕ ಬರ್ತೈತೋ ಇಲ್ಲೋ?"

"ಖಾಲಿ ಇದ್ದಾಗ ತೋರಸೂದನ್ನ ಕಳದುಬಿಡೂದ್ರಿ" ಎಂದ ಒಬ್ಬ.

"ಎಲ್ಲಾ ತೂಕಕ್ಕೂ ಅಷ್ಟ ಸುಳ್ಳು ಹೇಳತೈತಿ ಅಂತ ಹೆಂಗ ನಂಬೂದು?" ಎಂದಳು ದಾನಮ್ಮ.

"ಗೊತ್ತಿದ್ದ ಬಟ್ಟು ಹಾಕಿ ನೋಡೋಣು" ಎಂದ ಮುರ್ತುಜಾ. ಅವನ ದನಿ ಇನ್ನೂ ಸಣ್ಣದಾಗಿತ್ತು. ಒಂದೊಂದೇ ಬಟ್ಟು ಹಾಕಿದರು. ಸುಳ್ಳು ಎಲ್ಲ ಕಡೆ ಒಂದೇ ಅಲ್ಲ, ತೂಕ ಏರಿದಂತೆ ಅದೂ ಬೆಳೆಯುತ್ತದೆ ಎಂದು ಗೊತ್ತಾಯಿತು. ಸುಮ್ಮನೆ ಕಳೆದರೆ ಸಾಲದು. ಕೊನೆಗೆ ಗ್ರಾಫ್ ಹಾಳೆಯ ಒಂದು ಪಟ್ಟಿ ಕತ್ತರಿಸಿ ನನ್ನ ಮುಖಕ್ಕೆ ಅಂಟಿಸಿ, ಪ್ರತಿ ಬಟ್ಟಿಗೂ ಮುಳ್ಳು ನಿಂತಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿದರು. ಅಂಬಾಲದ ಆ ಹೆಂಗಸಿನಷ್ಟೇ ತಾಳ್ಮೆಯಿಂದ, ಮುಳ್ಳು ನಡುಗುವುದು ನಿಲ್ಲುವವರೆಗೆ ಕಾದು. ಗೆರೆಗಳು ಮಾತ್ರ ಸೊಟ್ಟಗಿದ್ದವು.

ತೊರಗಲ್ ಸರ್ ಎದ್ದು ಬಂದು ಜೇಬಿನಿಂದ ಶಾಲೆಯ ಕೀಲಿಕೈ ಗೊಂಚಲು ತೆಗೆದರು. "ಇದನ್ನ ತೂಗ್ರಿ."

ಮಕ್ಕಳು ತೂಗಿ ಒಂದು ಅಂಕಿ ಹೇಳಿದರು. ಮುರ್ತುಜಾ ಓಡಿಹೋಗಿ ತಂದೆಯ ಅಂಗಡಿಯ ತಕ್ಕಡಿ ತಂದ. ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ತೊರಗಲ್ ಸರ್ ಗೊಂಚಲನ್ನು ಜೇಬಿಗೆ ಹಾಕಿಕೊಂಡರು. "ಚಲೋ ಆತು" ಎಂದು ಮೆಲ್ಲನೆ ಹೇಳಿ ಹೋದರು.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತು ಎಂದು ಹೇಳಲು ನನಗೂ ಆಸೆ. ಆದರೆ ಆ ವರ್ಷದ ಫಲಿತಾಂಶ ಏರಲೂ ಇಲ್ಲ, ಇಳಿಯಲೂ ಇಲ್ಲ. ಮುರ್ತುಜಾನಿಗೆ ಎಲ್ಲರೂ ಎಣಿಸಿದಷ್ಟು ಅಂಕ ಬರಲಿಲ್ಲ. ಆಡಳಿತ ಮಂಡಳಿ ಅಕ್ಕೋರಿಂದ ಹತ್ತನೆಯ ತರಗತಿ ತೆಗೆದು ಎಂಟನೆಯದನ್ನು ಕೊಟ್ಟಿತು. ಅದನ್ನು ಹೇಳಲು ಬಂದ ತೊರಗಲ್ ಸರ್, "ನಾ ಹೇಳಿ ನೋಡಿದೆ ಟೀಚರ್" ಎಂದರು. ಅಕ್ಕೋರು, "ಇರ್ಲಿ ಬಿಡ್ರಿ ಸರ, ಎಂಟನೇದಾಗಿಂದ ಸುರು ಮಾಡಿದ್ರ ಇನ್ನೂ ಚಲೋ" ಎಂದು ನಕ್ಕರು. ಸರ್ ಹೋದ ಮೇಲೆ ಅಕ್ಕೋರು ಕಪಾಟಿನ ಕಡೆ ತಿರುಗಿ ನಿಂತು ಅತ್ತದ್ದನ್ನು ಕಂಡವನು ನಾನೊಬ್ಬನೇ.

ದಾನಮ್ಮ ಮುಂದೆ ಓದಿದಳಂತೆ, ಎಲ್ಲಿದ್ದಾಳೋ ತಿಳಿಯದು. ಮುರ್ತುಜಾ ತಂದೆಯ ಅಂಗಡಿಯಲ್ಲೇ ಕುಳಿತ. ಈಗ ಅಲ್ಲಿ ಅಂಕಿ ಮಿನುಗುವ ವಿದ್ಯುತ್ ತಕ್ಕಡಿ ಇದೆಯಂತೆ. ದಿನವೂ ಬೆಳಿಗ್ಗೆ ಮೊದಲ ಗಿರಾಕಿ ಬರುವ ಮುಂಚೆ ಅದರ ಮೇಲೆ ಗೊತ್ತಿರುವ ಬಟ್ಟು ಇಟ್ಟು ನೋಡುತ್ತಾನಂತೆ. ಅಕ್ಕೋರು ಇದನ್ನು ತಮ್ಮ ಜೊತೆಯವರಿಗೆ ಹೇಳುವಾಗ, ಶಿಷ್ಯ ದೊಡ್ಡ ಅಧಿಕಾರಿಯಾದ ಎನ್ನುವಷ್ಟು ಹೆಮ್ಮೆ ಅವರ ದನಿಯಲ್ಲಿತ್ತು.

ಶಾಲೆಗೆ ಹೊಸ ತಕ್ಕಡಿಗಳು ಬಂದವು, ಗೋಡೆಗೆ ದೊಡ್ಡ ಪರದೆ ಬಂತು. ಅಕ್ಕೋರ ತಲೆ ನರೆಯಿತು. ಅವರು ನಿವೃತ್ತರಾಗುವ ವರ್ಷ ಎಂಟನೆಯ ತರಗತಿಯ ಲಾಲಬಿ ಎಂಬ ಹುಡುಗಿ ಕೇಳಿದಳು: "ಟೀಚರ್, ಕಲ್ಲು ಕಟ್ಟಿದ ತಕ್ಕಡಿನ ಮ್ಯಾಲಿಂದ ಕೈಬಿಟ್ರ, ಬೀಳಾಕತ್ತಾಗ ಮುಳ್ಳು ಏನು ತೋರಸತೈತ್ರಿ?"

"ಪುಸ್ತಕದಾಗ ಏನೈತಿ ಅಂತ ನಂಗ ಗೊತ್ತೈತಿ. ಕಣ್ಣಾರೆ ನಾನೂ ನೋಡಿಲ್ಲ" ಎಂದರು ಅಕ್ಕೋರು. "ನೋಡೋಣು?"

ಅವರು ನನ್ನ ಕೊಕ್ಕೆಗೆ ಕಲ್ಲು ಕಟ್ಟಿ ಮಾಳಿಗೆ ಹತ್ತಿದರು. ಕೆಳಗೆ ಮಕ್ಕಳು ಹೊದೆಯುವ ಕೌದಿ ಹಿಡಿದು ನಿಂತರು. ಒಬ್ಬ ಶಿಕ್ಷಕರು ಮೊಬೈಲಿನಲ್ಲಿ ನಿಧಾನವಾಗಿ ಓಡುವ ವಿಡಿಯೊ ತೆಗೆಯಲು ಸಿದ್ಧರಾದರು. ಎಲ್ಲರೂ ತಮ್ಮ ತಮ್ಮ ಊಹೆಯನ್ನು ಕಾರಣದ ಸಮೇತ ಹೇಳಿ ಮುಗಿಸಿದ್ದರು. ನನಗೆ ಮಾತ್ರ ಈ ಸಲ ಉತ್ತರ ಗೊತ್ತಿರಲಿಲ್ಲ. ಅಕ್ಕೋರು ಮಾಳಿಗೆಯ ಅಂಚಿನಿಂದ ಕೈಚಾಚಿ ನನ್ನನ್ನು ಬಿಟ್ಟರು.

ಕಲ್ಲು ನನ್ನನ್ನು ಎಳೆಯುವುದು ನಿಂತಿತು. ಅದು ಕೊಕ್ಕೆಯಲ್ಲೇ ಇತ್ತು, ನನ್ನ ಜೊತೆಯೇ ಬೀಳುತ್ತಿತ್ತು, ಆದರೆ ಭಾರವೇ ಇರಲಿಲ್ಲ. ಸುರುಳಿ ತನ್ನಷ್ಟಕ್ಕೆ ಮುದುಡಿತು, ಮುಳ್ಳು ಹಾರಿ, ನಾನು ಖಾಲಿ ಇದ್ದಾಗ ನಿಲ್ಲುವ ಗೆರೆಗೆ ಮೇಲೆ ಹೋಯಿತು.

ಕೌದಿಗೆ ಬಿದ್ದ ಏಟಿಗೆ ಕೊಕ್ಕೆ ಕಿತ್ತುಬಂತು. ಈಗ ನಾನು ಪ್ರಯೋಗಾಲಯದ ಕಿಟಕಿಯ ಮೂಲೆಯಲ್ಲಿ ಕುಳಿತಿದ್ದೇನೆ. ಇನ್ನು ಏನನ್ನೂ ತೂಗಲಾರೆ. ಅದಕ್ಕೆ ದುಃಖವಿಲ್ಲ. ಆ ದಿನ ಮೊಬೈಲಿನ ಸುತ್ತ ಮುತ್ತಿಕೊಂಡ ಮಕ್ಕಳು ಮುಳ್ಳು ಮೇಲೇರಿದ್ದನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ಲಾಲಬಿ ತಲೆ ಎತ್ತಿ, "ಹಂಗಾರ ಟೀಚರ್, ಇದನ್ನ ಮ್ಯಾಲೆ ಎಸದಿದ್ರ?" ಎಂದು ಕೇಳಿದಳು.