ತಂತಿ ಇಲ್ಲದ ಕೆಂಪು ಗುಂಡಿ

ನಾನು ಒಂದು ಕೆಂಪು ಗುಂಡಿ. ಮರಳಿನ ಮೇಲೆ ಓಡುವ ನಾಲ್ಕು ಚಕ್ರದ ಬೈಕಿನ ಹ್ಯಾಂಡಲ್ಲಿನಲ್ಲಿ ಕೂತು, ಒತ್ತಿದೊಡನೆ ಎಂಜಿನ್ ನಿಲ್ಲಿಸುವುದಕ್ಕೆಂದೇ ಹುಟ್ಟಿದ್ದು. ಕಾರ್ಖಾನೆಯಲ್ಲಿ ಅಚ್ಚಿನಿಂದ ತೆಗೆದು, ಒತ್ತಿ ನೋಡಿ, ಪಾಸು ಮಾಡಿ ಕಳಿಸಿದರು. ನಾನು ಶುಚಿಯಾಗಿದ್ದ ದಿನಗಳೆಂದರೆ ಅವಷ್ಟೇ.

ನನ್ನ ಪಾಲಿಗೆ ಬಂದದ್ದು ಕುಂದಾಪುರದ ಕಡೆಯ ಕಡಲತೀರ, ಧಣಿ ಭಾಸ್ಕರ ಖಾರ್ವಿ. ಅವನ ಬಳಿ ಇಂಥ ಎರಡು ಗಾಡಿ. ಪ್ರವಾಸಿಗರು ಬಂಗುಡೆ ಫ್ರೈ ತಿಂದ ಕೈಯನ್ನು ಚಡ್ಡಿಗೂ ಒರೆಸದೆ ನನ್ನನ್ನು ಒತ್ತುವರು. ಎಣ್ಣೆ, ಮಸಾಲೆ, ಆಗಷ್ಟೇ ಮೂಗಿನಿಂದ ಹೊರಬಂದ ಬೆರಳು. ಥೂ, ನೆನೆದರೆ ಈಗಲೂ ವಾಕರಿಕೆ. ಆದರೂ ಸಹಿಸಿದೆ, ಒತ್ತಿದಾಗಲೆಲ್ಲ ಗಾಡಿ ನಿಲ್ಲುತ್ತಿತ್ತಲ್ಲ.

ಆಯುಧ ಪೂಜೆಗೆ ಭಾಸ್ಕರ ಎರಡೂ ಗಾಡಿ ತೊಳೆದು, ಅರಿಶಿನ ಕುಂಕುಮ ಕಲಸಿ ಸ್ವಿಚ್ಚುಗಳಿಗೆಲ್ಲ ಧಾರಾಳವಾಗಿ ಮೆತ್ತಿದ. ಆ ಮುದ್ದೆ ಸಂದಿಗಿಳಿದು ಒಣಗಿ, ನಾನು ಒತ್ತಿದಲ್ಲೇ ಕಚ್ಚಿಕೊಂಡೆ. ಪಕ್ಕದ ಗಾಡಿಯ ಗುಂಡಿಗೂ ಅದೇ ಗತಿ. ಎಂಜಿನ್ ಹತ್ತಲಿಲ್ಲ. ದಸರಾ ರಜೆ ಬೇರೆ, ಜನ ಸಾಲುಗಟ್ಟಿದ್ದರು. ಹೊಸ ಸ್ವಿಚ್ಚು ತರುವ ಬದಲು ಅವನು ಎರಡೂ ಗುಂಡಿಗಳ ತಂತಿ ಕತ್ತರಿಸಿದ. ಎಂಜಿನ್ ಹತ್ತಿತು, ಇನ್ನು ನಿಲ್ಲಿಸಲು ಕೀಲಿಯೇ ಗತಿ. ಅದನ್ನು ಯಾರಿಗೂ ಹೇಳದೆ, "ಹೆದ್ರಬೇಡಿ, ಕೆಂಪ್ ಒತ್ತಿರೆ ನಿಲ್ಲತ್ತ್" ಎಂಬ ಹಳೇ ಪಾಠವನ್ನೇ ಒಪ್ಪಿಸುತ್ತಿದ್ದ. ಅವನ ಬಾಯಿಗಿಂತ ಆ ಮೀನಿನ ಬೆರಳುಗಳೇ ಶುಚಿ ಅನ್ನಿಸಿತು.

ಒಂದು ಸಂಜೆ ಅವನ ಮಗಳು ಸಿಂಚನಾ ಗಾಡಿ ಹತ್ತಿದಳು. ಎಕ್ಸಲರೇಟರಿಗೆ ಮರಳು ಸಿಕ್ಕಿ, ಬ್ರೇಕು ಹಿಡಿದರೂ ವೇಗ ಇಳಿಯಲೇ ಇಲ್ಲ. ಎದುರಿಗೆ ದಡಕ್ಕೆಳೆದ ದೋಣಿ. ಅಪ್ಪ ಕಲಿಸಿದ್ದನ್ನು ನಂಬಿ ಹುಡುಗಿ ನನ್ನನ್ನು ಒತ್ತಿದಳು, ಮತ್ತೆ ಒತ್ತಿದಳು, ಗುದ್ದಿದಳು. ನನ್ನಿಂದ ಏನೂ ಆಗಲಿಲ್ಲ. ಗಾಡಿ ದೋಣಿಗೆ ಬಡಿದು ಅವಳ ಕೈ ಮುರಿಯಿತು.

"ಸ್ವಿಚ್ಚ್ ಕೈ ಕೊಡ್ತ್" ಎಂದು ಭಾಸ್ಕರ ಊರಿಗೆಲ್ಲ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವನ್ನು ತಾನೇ ಅಗೆದು ಡೊಂಕು ಅಂದವನು.

ಕೊನೆಗೆ ಹೊಸ ಸ್ವಿಚ್ಚು ಬಂತು. ಪ್ಲಾಸ್ಟರ್ ಹಾಕಿದ ಕೈಯೊಂದಿಗೇ ಸಿಂಚನಾ ಎದುರಿಗೆ ಕೂತಿದ್ದಳು. ನನ್ನನ್ನು ಬಿಚ್ಚಿದಾಗ ಕತ್ತರಿಸಿದ ತಂತಿಯ ತುದಿ ಅವಳ ಕಣ್ಣಿಗೆ ಬಿತ್ತು. ಭಾಸ್ಕರ ಸರಕ್ಕನೆ ನನ್ನನ್ನು ಮೀನಿನ ಕರುಳಿನ ರಾಶಿಗೆ ಎಸೆದ. ಅವನ ಕೈ ಬಿಟ್ಟು ಬಂದದ್ದಕ್ಕೆ ಆ ನಾತವೂ ಹಿತವೆನಿಸಿತು.

"ಅಪ್ಪಯ್ಯ, ಆ ಗಾಡಿದೂ ಹೀಂಗೇ ಇತ್ತಾ?"

"ಅದ್ ಓಡ್ತಾ ಇತ್ತಲೆ" ಎಂದ ಅವನು, ತಲೆಯೆತ್ತದೆ.

ಓಡುತ್ತಲೇ ಇತ್ತು. ದೂರದಲ್ಲಿ ಒಬ್ಬ ತಾಯಿ, ಮುಂದೆ ಮಗುವನ್ನು ಕೂರಿಸಿಕೊಂಡು, ನೀರಿನಂಚಿನಲ್ಲಿ ಅದನ್ನು ಓಡಿಸುತ್ತಿದ್ದಳು. ಸಿಂಚನಾ ಮುರಿದ ಕೈಯನ್ನು ಎದೆಗೊತ್ತಿಕೊಂಡು ಅತ್ತ ಓಡಿದಳು. ಭಾಸ್ಕರ ಹೊಸ ಗುಂಡಿಯ ತಿರುಪು ಬಿಗಿ ಮಾಡುತ್ತ ಕೂತೇ ಇದ್ದ.